ಗೋಡೆಗಿಂತ ಮೊದಲು ಕಾಗದ

ಮನೆ ಕಟ್ಟಿಸಿದವರನ್ನು ಕೇಳಿ ನೋಡಿ, ಎಷ್ಟು ಖರ್ಚಾಯಿತು ಅನ್ನುವುದು ನಾಲಿಗೆಯ ತುದಿಯಲ್ಲೇ ಇರುತ್ತದೆ. ಮಾರಿದರೆ ಎಷ್ಟು ಬರಬಹುದು ಅನ್ನುವುದನ್ನು ನೆಂಟರು, ನೆರೆಯವರು ಕೇಳದೆಯೇ ಹೇಳುತ್ತಾರೆ. ಇವೆರಡಕ್ಕೂ ತಾಳೆಯಾಗದ ಇನ್ನೊಂದು ಮೊತ್ತವಿದೆ. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನವರು ‘ವ್ಯಾಲ್ಯುಯೇಷನ್ ಆಗಬೇಕು’ ಅನ್ನುತ್ತಾರಲ್ಲ, ಆ ಮೊತ್ತ. ಹಾಗೆ ಮನೆಗೆ ಬೆಲೆ ಕಟ್ಟುವವರು ಯಾರು, ಹೇಗೆ ಕಟ್ಟುತ್ತಾರೆ ಅನ್ನುವುದು ಇವತ್ತಿನ ಮಾತು.

ಉದಾಹರಣೆಗೆ ಎಮ್ಮೆದೊಡ್ಡಿಯನ್ನೇ ತೆಗೆದುಕೊಳ್ಳೋಣ. ಕಡೂರು ತಾಲ್ಲೂಕಿನ ಊರು, ಮದಗದ ಕೆರೆಯ ಸೀಮೆ. ಇಲ್ಲೊಬ್ಬ ರೈತರು ಹಳೆಯ ಮನೆಯ ಮೇಲೆ ಸಾಲ ಕೇಳಿದ್ದಾರೆ ಅಂದುಕೊಳ್ಳಿ. ಬ್ಯಾಂಕು ತನ್ನ ಪಟ್ಟಿಯಲ್ಲಿರುವ ಒಬ್ಬ ವ್ಯಾಲ್ಯೂವರನ್ನು ಕಳಿಸುತ್ತದೆ. ಸಾಮಾನ್ಯವಾಗಿ ಸಿವಿಲ್ ಎಂಜಿನಿಯರಿಂಗ್ ಓದಿದವರು. ಮೊದಲೆಲ್ಲ ಇವರ ನೋಂದಣಿ 1957ರ ಸಂಪತ್ತು ತೆರಿಗೆ ಕಾಯ್ದೆಯ ಕೆಳಗೆ ಆಗುತ್ತಿತ್ತು. ಆ ತೆರಿಗೆ 2015ರ ಬಜೆಟ್ಟಿನಲ್ಲಿ ರದ್ದಾಯಿತು. ಕಂಪನಿ ಕಾಯ್ದೆಯ ಕೆಲಸಕ್ಕೆ 2017ರಲ್ಲಿ ಬೇರೆ ನಿಯಮ ಬಂತು; ಅದರ ಪ್ರಕಾರ ಪರೀಕ್ಷೆ ಪಾಸಾಗಿ, ‘ಜಮೀನು ಮತ್ತು ಕಟ್ಟಡ’ ಎಂಬ ವರ್ಗದಲ್ಲಿ ನೋಂದಾಯಿಸಿಕೊಳ್ಳಬೇಕು.

ಬಂದವರು ಟೇಪು ಬಿಚ್ಚುವ ಮುಂಚೆ ಕಾಗದ ಕೇಳುತ್ತಾರೆ. ಗ್ರಾಮಠಾಣಾದ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಕ್ರಯಪತ್ರ ಅಥವಾ ಹಕ್ಕುಪತ್ರ, ಇ.ಸಿ. ಅಂದರೆ ಋಣಭಾರ ಪತ್ರ, ಕಂದಾಯ ರಸೀದಿ. ಕಾಗದ ಸಾಚಾವೇ ಎಂದು ತೀರ್ಮಾನಿಸುವುದು ಬ್ಯಾಂಕಿನ ವಕೀಲರ ಕೆಲಸ. ಕಾಗದದಲ್ಲಿರುವ ಜಾಗವೂ ಕಣ್ಣೆದುರಿನ ಜಾಗವೂ ಒಂದೇ ಹೌದೋ ಅಂತ ನೋಡುವುದು ವ್ಯಾಲ್ಯೂವರ್ ಕೆಲಸ. ಅದಕ್ಕೇ ಚಕ್ಕುಬಂದಿ ಹಿಡಿದು ಮನೆ ಸುತ್ತುತ್ತಾರೆ: ಪೂರ್ವಕ್ಕೆ ರಸ್ತೆ ಅಂತ ಬರೆದಿದೆ, ರಸ್ತೆ ಇದೆಯೇ? ಪಶ್ಚಿಮಕ್ಕೆ ಇಂಥವರ ಹಿತ್ತಿಲು ಅಂತಿದೆ, ಆ ಹಿತ್ತಿಲು ಈಗ ಯಾರದು?

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಈ ಪ್ರಶ್ನೆಗೆ ತೂಕ ಹೆಚ್ಚು. ಇಲ್ಲಿ ಅಮೃತಮಹಲ್ ದನಗಳ ಮೇವಿಗೆ ಬಿಟ್ಟ ಸರ್ಕಾರಿ ಕಾವಲುಗಳಿವೆ, ಕಾಡಂಚಿನ ಜಮೀನುಗಳಿವೆ. ಮನೆ ಎಷ್ಟೇ ಗಟ್ಟಿಯಾಗಿರಲಿ, ಅದು ನಿಂತ ಸರ್ವೆ ನಂಬರು ಕಾವಲಿಗೋ ಅರಣ್ಯಕ್ಕೋ ಸೇರಿದ್ದರೆ ಬ್ಯಾಂಕಿನ ಲೆಕ್ಕದಲ್ಲಿ ಅದಕ್ಕೆ ಬೆಲೆಯೇ ಹುಟ್ಟುವುದಿಲ್ಲ. ತೋಟದಲ್ಲಿ ಕಟ್ಟಿಕೊಂಡ ಮನೆಗೂ ತಕರಾರು ತಪ್ಪಿದ್ದಲ್ಲ: ಪಹಣಿಯಲ್ಲಿ ಅದು ಇನ್ನೂ ಕೃಷಿ ಜಮೀನು. ಭೂಪರಿವರ್ತನೆ ಆಗಿಲ್ಲದಿದ್ದರೆ ಗೃಹಸಾಲ ಕೊಡಲು ಬ್ಯಾಂಕು ಹಿಂದೆಮುಂದೆ ನೋಡುತ್ತದೆ.

ಕಾಗದ ಸರಿಯಿದೆ ಅನ್ನಿ. ಇನ್ನು ಮನೆ. ಪಾಯ ಸೈಜುಗಲ್ಲಿನದೋ, ಗೋಡೆ ಮಣ್ಣಿನದೋ ಇಟ್ಟಿಗೆಯದೋ, ಮೇಲೆ ಮಂಗಳೂರು ಹೆಂಚೋ ಆರ್‌ಸಿಸಿಯೋ, ತೊಲೆಗೆ ಗೆದ್ದಲು ಹತ್ತಿದೆಯೋ, ಸಜ್ಜಾ ಕೆಳಗೆ ತೇವ ಇಳಿದಿದೆಯೋ ಎಲ್ಲ ಬರೆದುಕೊಳ್ಳುತ್ತಾರೆ. ಆಮೇಲೆ ಮನೆಯ ವಯಸ್ಸು. ‘ಅಜ್ಜ, ಈ ಗೋಡೆ ಯಾವಾಗ ಎತ್ತಿಸಿದ್ದು?’ ಅಂದರೆ, ‘ದೊಡ್ಡ ಮಗಳ ಮದುವೆ ವರ್ಷ ಕಣಪ್ಪ’ ಅನ್ನುವ ಉತ್ತರ ಬರುತ್ತದೆ. ಅದನ್ನು ಇಸವಿಗೆ ತರುವುದಕ್ಕೆ ಮೊದಲ ಮನೆಗಂದಾಯದ ರಸೀದಿ, ಕರೆಂಟು ಕೊಟ್ಟ ದಿನಾಂಕ ಇವನ್ನೆಲ್ಲ ಹುಡುಕಬೇಕು.

ಲೆಕ್ಕ ಹಾಕುವುದಕ್ಕೆ ಮುಖ್ಯವಾಗಿ ಮೂರು ದಾರಿ. ಪಕ್ಕದಲ್ಲಿ ಇಂಥದೇ ಮನೆ ಎಷ್ಟಕ್ಕೆ ಹೋಯಿತು ಎಂದು ಹೋಲಿಸುವುದು ಒಂದು. ಬಾಡಿಗೆಯಿಂದ ಬೆಲೆ ತೆಗೆಯುವುದು ಇನ್ನೊಂದು. ನಿವೇಶನಕ್ಕೆ ಬೇರೆ, ಕಟ್ಟಡಕ್ಕೆ ಬೇರೆ ಬೆಲೆ ಕಟ್ಟಿ, ಸವಕಳಿ ಕಳೆದು ಕೂಡಿಸುವುದು ಮತ್ತೊಂದು. ಬೆಂಗಳೂರಿನ ಫ್ಲ್ಯಾಟಿಗೆ ಮೊದಲನೆಯದು ಸಲೀಸು. ಹಳ್ಳಿಯಲ್ಲಿ ಅದು ಕೈಕೊಡುತ್ತದೆ. ಬೀರೂರಿನಲ್ಲಿ ಅಮೃತಮಹಲ್ ಹೋರಿಗಳ ಹರಾಜಾದರೆ ಕೂಗಿದ ಬೆಲೆ ಸುತ್ತ ನಿಂತವರಿಗೆಲ್ಲ ಕೇಳಿಸುತ್ತದೆ. ಮನೆಯ ವ್ಯಾಪಾರ ಹಾಗೆ ಬಯಲಲ್ಲಿ ಆಗುವುದಿಲ್ಲ. ಹಳ್ಳಿಯ ಮನೆ ಮಾರಾಟವಾಗುವುದೇ ಅಪರೂಪ, ಪಾಲಾಗುತ್ತದೆ ಅಷ್ಟೆ. ಮಾರಾಟವಾದರೂ ಕ್ರಯಪತ್ರದಲ್ಲಿ ಕಾಣುವುದು ಹಲವು ಸಲ ಸರ್ಕಾರಿ ರೇಟು.

ಸರ್ಕಾರಿ ರೇಟು ಅಂದರೆ ಮಾರ್ಗಸೂಚಿ ದರ. ಅದನ್ನು ಗೊತ್ತುಮಾಡುವುದು ಕರ್ನಾಟಕ ಮುದ್ರಾಂಕ ಕಾಯ್ದೆಯ ಕೆಳಗಿನ ಕೇಂದ್ರ ಮೌಲ್ಯಮಾಪನ ಸಮಿತಿ. ರಾಜ್ಯದಾದ್ಯಂತ ಪರಿಷ್ಕರಿಸಿದ ದರ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಮುದ್ರಾಂಕ ಶುಲ್ಕ ವಸೂಲಿಗೆಂದು ಮಾಡಿದ ದರ ಅದು. ಅದನ್ನು ನೋಡಿಕೊಂಡೇ ನಮ್ಮವರು ಕ್ರಯದ ಮೊತ್ತ ಬರೆಸುವುದರಿಂದ, ಉಪನೋಂದಣಿ ಕಚೇರಿಯ ದಾಖಲೆ ತೆಗೆಸಿದರೂ ನಿಜವಾದ ಪೇಟೆ ಬೆಲೆ ಸಿಗುವ ಖಾತರಿಯಿಲ್ಲ. ತೆರಿಗೆ ಉಳಿಸಲು ಬರೆಸಿದ ಆ ಕಡಿಮೆ ಮೊತ್ತವೇ ನಾಳೆ ನೆರೆಯವನ ಸಾಲಕ್ಕೆ ಅಡ್ಡ ನಿಲ್ಲುತ್ತದೆ, ಕೆಲವೊಮ್ಮೆ ಬರೆಸಿದವನ ಸಾಲಕ್ಕೂ.

ಹಾಗಾಗಿ ಹಳ್ಳಿಯಲ್ಲಿ ಸವಕಳಿಯ ದಾರಿಯೇ ಹೆಚ್ಚು ಬಳಕೆ. ಒಂದು ಲೆಕ್ಕ ಹಾಕೋಣ. ದರಗಳು ನಾನು ಹಿಡಿದುಕೊಂಡವು. ಮೂವತ್ತು-ನಲವತ್ತರ ನಿವೇಶನ, ಅಂದರೆ 1,200 ಚದರಡಿ. ಅಡಿಗೆ 300 ರೂಪಾಯಿಯಂತೆ 3 ಲಕ್ಷ 60 ಸಾವಿರ. ಮನೆ ಹತ್ತು ಚದರ, ಅಂದರೆ 1,000 ಚದರಡಿ. ಇವತ್ತು ಹೊಸದಾಗಿ ಕಟ್ಟಿದರೆ ಅಡಿಗೆ 1,800ರಂತೆ 18 ಲಕ್ಷ. ಮನೆಗೆ ಇಪ್ಪತ್ತು ವರ್ಷ ಆಗಿದೆ, ಒಟ್ಟು ಆಯಸ್ಸು ಅರವತ್ತು. ಕೊನೆಗೆ ಕೆಡವಿದರೂ ನೂರಕ್ಕೆ ಹತ್ತು ಪಾಲು ಉಳಿಯುತ್ತದೆ ಎಂದು ಹಿಡಿದರೆ, ಮಿಕ್ಕ ತೊಂಬತ್ತರಲ್ಲಿ ಮೂರನೇ ಒಂದು ಭಾಗ ಸವೆದಿದೆ. ಶೇಕಡಾ 30. ಹದಿನೆಂಟರಲ್ಲಿ 5 ಲಕ್ಷ 40 ಸಾವಿರ ಹೋಗಿ 12 ಲಕ್ಷ 60 ಸಾವಿರ ಉಳಿಯಿತು. ನಿವೇಶನ ಸೇರಿ 16 ಲಕ್ಷ 20 ಸಾವಿರ. ದೇವರಮನೆಗೆ ಹಾಕಿಸಿದ ತೇಗದ ಬಾಗಿಲು ಇದರಲ್ಲಿ ಎಲ್ಲೋ ಒಂದು ಸಾಲು, ಅಷ್ಟೆ. ಮನೆಯವರಿಗೆ ಬೇಜಾರಾಗುವುದು ಸಹಜ.

ವ್ಯಾಲ್ಯೂವರ್ ಬ್ಯಾಂಕಿಗೆ ಕೊಡುವ ವರದಿಯಲ್ಲಿ ಬೇರೆ ಮೊತ್ತಗಳೂ ಇರುತ್ತವೆ: ನ್ಯಾಯಯುತ ಪೇಟೆ ಬೆಲೆ, ಅದಕ್ಕಿಂತ ಕಡಿಮೆಯಾಗಿ ಕೈಗೆ ಸಿಗಬಹುದಾದ ಬೆಲೆ, ಇನ್ನೂ ಕಡಿಮೆಯಾಗಿ ತುರ್ತಿನಲ್ಲಿ ಮಾರಿದರೆ ಬರುವ ಬೆಲೆ. ಸಾಲ ವಾಪಸು ಬರದಿದ್ದರೆ ಗತಿಯೇನು ಅನ್ನುವುದು ಬ್ಯಾಂಕಿನ ಚಿಂತೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಬೆಲೆಯ ಶೇಕಡಾ 90 ಮೀರುವಂತಿಲ್ಲ. 75 ಲಕ್ಷದವರೆಗೆ 80, ಅದರಾಚೆಗೆ 75. ಇವು ಗರಿಷ್ಠ ಮಿತಿ, ಅಷ್ಟು ಕೊಟ್ಟೇ ಕೊಡಬೇಕೆಂದಿಲ್ಲ.

ಸರ್ಕಾರವೇ ಮನೆ ತೆಗೆದುಕೊಳ್ಳುವಾಗ ಪ್ರಶ್ನೆ ಬೇರೆ. ಕಡೂರು, ಬೀರೂರು, ತರೀಕೆರೆ ಮೇಲೆ ಹಾದುಹೋಗುವ ತುಮಕೂರು–ಶಿವಮೊಗ್ಗ ಹೆದ್ದಾರಿಯ ಅಗಲೀಕರಣ ಕಂಡವರಿಗೆ ಇದು ಗೊತ್ತು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಕಟ್ಟಡಕ್ಕೆ ಎಂಜಿನಿಯರು, ಮರಗಳಿಗೆ ತೋಟಗಾರಿಕೆ, ಅರಣ್ಯ ಬಲ್ಲವರು ಬೆಲೆ ಕಟ್ಟಲು ಅವಕಾಶವಿದೆ. ಹಾಗೆ ನಿಗದಿಯಾದ ಪರಿಹಾರದ ಮೇಲೆ ಅಷ್ಟೇ ಮೊತ್ತವನ್ನು ಸೊಲೇಷಿಯಂ ಎಂದು ಸೇರಿಸಿ ಕೊಡಬೇಕು.

ವ್ಯಾಲ್ಯೂವರ್ ಬರುವ ದಿನ ಮನೆಯ ಯಾರಾದರೊಬ್ಬರು ಜೊತೆಗೆ ನಿಂತು ಅಳತೆ ನೋಡಿ. ಕೊಟ್ಟಿಗೆ, ಕೊಳವೆಬಾವಿ, ಮಾಳಿಗೆ ಏನಿದ್ದರೂ ತೋರಿಸಿ. ಸಾಧ್ಯವಾದರೆ ವರದಿಯ ಪ್ರತಿ ಕೇಳಿ, ಚಕ್ಕುಬಂದಿ ಓದಿ ನೋಡಿ. ವರದಿಯ ಮೇಲೆ ಸ್ಥಳ ನೋಡಿದ ತಾರೀಖು ಇರುತ್ತದೆ. ಹಳೆಯ ವರದಿ ಹಿಡಿದು ಇನ್ನೊಂದು ಬ್ಯಾಂಕಿಗೆ ಹೋದರೆ ಅವರು ತಮ್ಮ ಪಟ್ಟಿಯವರನ್ನೇ ಮತ್ತೆ ಕಳಿಸುತ್ತಾರೆ, ಶುಲ್ಕವೂ ಮತ್ತೆ ನಿಮ್ಮ ತಲೆಗೇ.