ಸಿನಿಮಾ ಶಿರಸ್ತ್ರಾಣದ ನಕಲನ್ನು ನೋಡುವ ಬಗೆ

(ವಾಚನಾಲಯದ ಭಾನುವಾರದ ಕೂಟದಲ್ಲಿ ಓದಿದ್ದು)



ನಾವು ಪಂಡಿತರಲ್ಲ. ಮಿಲ್ಲಿನ ಕಚೇರಿಯಲ್ಲಿ ನಮೂನೆಯ ತುಂಡಿಗೂ ತಯಾರಾದ ಬಟ್ಟೆಗೂ ತಾಳೆ ನೋಡಿ ರುಜು ಹಾಕುವವರು. ಇಂದಿನ ವಿಷಯವೂ ತಾಳೆ ನೋಡುವುದೇ ಆದ್ದರಿಂದ ಧೈರ್ಯ ಮಾಡಿದ್ದೇವೆ.

ಕಳೆದ ದೀಪಾವಳಿಯ ಹೊತ್ತಿಗೆ ನಮ್ಮ ಓದುಗರಲ್ಲಿ ಒಬ್ಬ ಹುಡುಗ ಓವರ್‌ಟೈಮಿನ ಹಣ ಕೂಡಿಟ್ಟು ಬಿಳಿಯ ಶಿರಸ್ತ್ರಾಣವೊಂದನ್ನು ತರಿಸಿದ. 1977ರಲ್ಲಿ ತೆರೆಕಂಡ 'ಸ್ಟಾರ್ ವಾರ್ಸ್' ಚಿತ್ರದಲ್ಲಿ ಸ್ಟಾರ್ಮ್‌ಟ್ರೂಪರ್ ಎಂಬ ಸಿಪಾಯಿಗಳು ತೊಡುವಂಥದರ ನಕಲು. ಮೇಜಿನ ಮೇಲಿಟ್ಟು ನೋಡಿದರೆ ಸೊಟ್ಟ! ಒಂದು ಕೆನ್ನೆ ಉಬ್ಬು, ಇನ್ನೊಂದು ತಗ್ಗು. ನಾವೆಲ್ಲ ನಕ್ಕೆವು, ಮೋಸಹೋದೆಯಪ್ಪಾ ಎಂದೆವು. ಅವನು ಮರುಮಾತಾಡಲಿಲ್ಲ. ವಾರದ ಮೇಲೆ ಉಬ್ಬನ್ನು ಉಜ್ಜಿ, ತಗ್ಗಿಗೆ ಪುಟ್ಟಿ ಮೆತ್ತಿ, ಎರಡೂ ಕೆನ್ನೆ ಸಮ ಮಾಡಿ ತಂದ. ನಾವೇ ಬೆನ್ನು ತಟ್ಟಿದೆವು.

ಆಮೇಲೆ ಓದಿ ತಿಳಿದದ್ದೇನೆಂದರೆ, ಮೂಲವೇ ಸೊಟ್ಟ.

ರಾಲ್ಫ್ ಮೆಕ್ವಾರಿ ಎಂಬ ಕಲಾವಿದರು ಬರೆದ ಚಿತ್ರವನ್ನು ಅನುಸರಿಸಿ ಇಂಗ್ಲೆಂಡಿನಲ್ಲಿ ಮೊದಲು ಜೇಡಿಮಣ್ಣಿನ ಮಾದರಿ ಮಾಡಿದರು. ಕೈಯ ಕೆಲಸ, ಎಡಬಲ ಕೂದಲೆಳೆಯಷ್ಟೂ ತಪ್ಪದೆ ಬರುವುದೆಂತು? ಬಳಿಕ 1976ರಲ್ಲಿ ಆಂಡ್ರ್ಯೂ ಐನ್ಸ್‌ವರ್ತ್ ಎಂಬವರು ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಹೊದಿಸಿ, ಗಾಳಿ ಹೀರಿ ಅಂಟಿಸುವ ಕ್ರಮದಲ್ಲಿ 50 ಶಿರಸ್ತ್ರಾಣಗಳನ್ನು ಮಾಡಿಕೊಟ್ಟರು. ಮುಖದ ಭಾಗ ಬೇರೆ, ಹಿಂದಲೆ ಬೇರೆ. ಕತ್ತರಿಸಿ ಕೂಡಿಸಿದ ಸಂದನ್ನು ಕಿವಿಯ ಮುಚ್ಚಳಗಳು ಮರೆಸುತ್ತವೆ. ಅವಸರದ ಕೆಲಸವೆಂದು ನೋಡಿದರೇ ತಿಳಿಯುತ್ತದೆ. ನಮ್ಮ ಸಂಘದ ನಾಟಕಕ್ಕೆ ತರುವ ಬಾಡಿಗೆ ಕಿರೀಟವನ್ನು ಯಾರಾದರೂ ಅಳತೆಪಟ್ಟಿ ಹಿಡಿದು ನೋಡಿದ್ದುಂಟೆ? ಅವರೂ ಹಾಗೆಯೇ ಎಣಿಸಿದ್ದಿರಬೇಕು.

ಆದ್ದರಿಂದ ನಕಲು ತೀರ ಸಮವಾಗಿದ್ದರೆ ಅಲ್ಲೇ ಸಂಶಯಪಡಬೇಕು. ಹಾಗೆಂದು ಸೊಟ್ಟಗಿರುವುದೆಲ್ಲ ಸರಿಯಲ್ಲ. ಅದೇ ಕಡೆಗೆ, ಅಷ್ಟೇ ಸೊಟ್ಟಗಿರಬೇಕು. ಯಾವ ಚಿತ್ರದ್ದೆಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು. ಅದೇ ಮಾಲೆಯ ಡಾರ್ತ್ ವೇಡರನ ಕರಿಯ ಮುಖವಾಡ 1977ರಲ್ಲಿ ಎಡಬಲ ಸಮವಿರಲಿಲ್ಲ, 2005ರ ಚಿತ್ರಕ್ಕೆ ಬೇಕೆಂದೇ ಸಮಮಾಡಿದರು. ಸಿಪಾಯಿಯ ಶಿರಸ್ತ್ರಾಣದ ಕೆನ್ನೆಯ ಪಟ್ಟೆಗಳನ್ನು ಮೊದಲ ಚಿತ್ರದಲ್ಲಿ ಕೈಯಿಂದ ಬಳಿದಿದ್ದರು, 1980ರ ಚಿತ್ರದಲ್ಲಿ ಅಂಟುಚೀಟಿ. ಮೊದಲ ಚಿತ್ರದ್ದೆಂದು ಹೇಳಿ ಅಚ್ಚುಕಟ್ಟಾದ ಚೀಟಿ ಅಂಟಿಸಿದ್ದರೆ ಹೇಳಿದವನ ಮಾತು ಸುಳ್ಳು. ಮೊದಲ ಚಿತ್ರದಲ್ಲಿಯೂ ಎರಡು ಬಗೆ: ಹತ್ತಿರದ ದೃಶ್ಯಕ್ಕೆ ಬಿಳಿಯ ಪ್ಲಾಸ್ಟಿಕ್ಕಿನದು, ಕಣ್ಣಿನ ಗಾಜು ಉಬ್ಬು, ಮಿಕ್ಕವು ಬಣ್ಣ ಬಳಿದವು, ಗಾಜು ಚಪ್ಪಟೆ. ಇವೆರಡನ್ನೂ ಒಂದರಲ್ಲಿ ಬೆರೆಸಿದ ನಕಲುಗಳುಂಟು.

ನಕಲಿನಿಂದ ನಕಲು ತೆಗೆದಷ್ಟೂ ಅಂಚು ಮೊಂಡಾಗಿ ಅಳತೆ ಜರುಗುತ್ತದೆ. ಹಲ್ಲಿನ ಸಾಲು, ಹುಬ್ಬಿನ ಏಣು, ಇವನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಫೋಟೋ ಒಂದನ್ನೇ ನಂಬಬಾರದು. ಕ್ಯಾಮರಾ ಹತ್ತಿರ ಬಂದರೆ ಬಾಯಿ ಮುಂದೆ ಬಂದು ದೊಡ್ಡದಾಗುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಅದೇ ದೂರ, ಅದೇ ಓರೆಯಿಂದ ತೆಗೆದ ಎರಡನ್ನು ಪಕ್ಕದಲ್ಲಿಟ್ಟು ನೋಡುವುದೇ ನ್ಯಾಯ. ಎಡಬಲ ತಿರುಗಿ ಅಚ್ಚಾದ ಫೋಟೋ ಆದರೆ ಕೆಟ್ಟೆವು!

ಇದೇ ಶಿರಸ್ತ್ರಾಣದ ವ್ಯಾಜ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಇದು ಶಿಲ್ಪವಲ್ಲ, ಚಿತ್ರ ತಯಾರಿಸಲು ಉಪಯೋಗಕ್ಕೆ ಬಂದ ವಸ್ತು ಎಂದು 2011ರ ಜುಲೈ 27ರಂದು ತೀರ್ಪಾಯಿತು. ಆದರೂ ಬಲ್ಲವರು ಶಿಲ್ಪದಂತೆಯೇ ತಡವಿ ನೋಡುತ್ತಾರೆ.

ಹುಡುಗನ ಶಿರಸ್ತ್ರಾಣ ಈಗ ಪತ್ರಿಕೆಗಳ ಕಪಾಟಿನ ಮೇಲಿದೆ. ಮೊನ್ನೆ ಅವನೂ ನಾವೂ ಕುಳಿತು ಪುಟ್ಟಿಯನ್ನೇನೋ ಕೆರೆದು ತೆಗೆದೆವು. ಉಜ್ಜಿಹೋದ ಕೆನ್ನೆ ಮರಳಿ ಬರುವಂತಿಲ್ಲ. ಅದರ ಸೊಟ್ಟ ಮೂಲದ್ದೇ ಆಗಿತ್ತೋ, ಮಾರಿದವನ ಅಚ್ಚಿನದೋ, ಈಗ ತಾಳೆ ನೋಡಲು ಏನೂ ಉಳಿದಿಲ್ಲ. ನಕ್ಕವರು ನಾವು, ಹಣ ಅವನದು. ಸಂಜೆ ಏಳರ ಮೇಲೆ ಬಂದರೆ ತಾವೂ ನೋಡಬಹುದು.