ಹಾಸ್ಯನಟನ ಮುಪ್ಪು, ನಮ್ಮ ಮುಪ್ಪು



ಧಾರಾಪುರದ ಕನ್ನಡ ಮನೆತನದವರಾದ ನಾಗೇಶರು ಆಗಿನ ಮದರಾಸಿಗೆ ಬಂದು ರೈಲ್ವೆಯಲ್ಲಿ ಗುಮಾಸ್ತರಾಗಿದ್ದರು. 1964ರ ‘ಸರ್ವರ್ ಸುಂದರಂ’ ಚಿತ್ರದಲ್ಲಿ ಅವರು ನಮ್ಮ ಕಸುಬಿನವರೇ, ಹೋಟೆಲಿನ ಸಪ್ಲೈಯರು. ಕಡ್ಡಿಯಂಥ ಮೈ, ನಿಂತಲ್ಲಿ ನಿಲ್ಲದ ಕಾಲು. ಅದನ್ನು ಕಂಡೇ ಜನ ನಕ್ಕರು.

ವಯಸ್ಸು ಯಾರನ್ನು ಬಿಟ್ಟಿದೆ? ಕಾಲು ನಿಧಾನವಾಯಿತು, ಹೊಸಬರು ಬಂದರು. ಕಸುಬು ಮಾತ್ರ ಕೈಬಿಡಲಿಲ್ಲ. 1989ರ ‘ಅಪೂರ್ವ ಸಹೋದರರ್ಗಳ್’ನಲ್ಲಿ ಅದೇ ಮುಖ ಖಳನದಾಯಿತು. 1994ರ ‘ಮಗಳಿರ್ ಮಟ್ಟುಂ’ನಲ್ಲಿ ಹೆಣವಾಗಿ, ಕೈಕಾಲು ಆಡಿಸದೆಯೇ ನಗಿಸಿದರು. ಅದೇ ವರ್ಷ ‘ನಮ್ಮವರ್’ನಲ್ಲಿ ಮಗಳನ್ನು ಕಳೆದುಕೊಂಡ ತಂದೆಯಾಗಿ ಅಳಿಸಿದರು, ರಾಷ್ಟ್ರಪ್ರಶಸ್ತಿ ಬಂತು. ಆಗ ಅವರಿಗೆ 60 ದಾಟಿತ್ತು. ಅವರು ತೀರಿಕೊಂಡದ್ದು 2009ರಲ್ಲಿ.

ಇದರಿಂದ ನಮಗೇನು ಎನ್ನುವಿರಾ? ಅವರಿಗೆ ಬೇರೆ ಪಾತ್ರ ಕೊಡುವವರಿದ್ದರು. ನಮ್ಮಲ್ಲಿ 20 ವರ್ಷ ತಟ್ಟೆ ಹೊತ್ತವನ ಮಂಡಿ ಸೋತರೆ, ಲೆಕ್ಕ ತೀರಿಸಿ ಊರಿನ ದಾರಿ ತೋರಿಸುತ್ತಾರೆ. ಅವನಿಗೆ ಉಗ್ರಾಣವಿಲ್ಲವೇ, ಗಲ್ಲಾ ಇಲ್ಲವೇ, ಹೊಸ ಹುಡುಗರಿಗೆ ಕೆಲಸ ಕಲಿಸುವುದಿಲ್ಲವೇ? ಮುಂದಿನ ಒಪ್ಪಂದದ ಬೇಡಿಕೆಗಳಲ್ಲಿ ನಾವು ಇದನ್ನೂ ಬರೆಯೋಣ.