ಎದೆನೋವು, ಯಂತ್ರದ ಓದು ಮತ್ತು ಔಷಧದ ಬಾಟಲಿ
(ಸೈದಾಪುರದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಹತ್ತಿಯ ಎಲೆ ಕೆಂಪಾದರೆ ಅದು ಜಿಗಿಹುಳುವಿನ ಬಾಧೆಯೋ, ಮೆಗ್ನೀಷಿಯಂ ಕೊರತೆಯೋ ಎಂದು ದೂರದಿಂದ ನೋಡಿ ಹೇಳಲಾಗದು. ಎಲೆಯ ಅಡಿಭಾಗ ನೋಡಬೇಕು, ಹಾಕಿದ ಗೊಬ್ಬರವನ್ನು ಕೇಳಬೇಕು. ಮನುಷ್ಯನ ಎದೆನೋವಿನ ವಿಷಯವೂ ಇದೇ ಬಗೆಯದು.

ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ, ತೂಬು ಮುಚ್ಚಿದ ಕಾಲುವೆಯಂತೆ ಮುಂದಿನ ಭಾಗಕ್ಕೆ ಹರಿವು ನಿಲ್ಲುತ್ತದೆ. ನೀರಿಲ್ಲದೆ ಬೆಳೆ ಬಾಡಲು ದಿನಗಳು ಬೇಕು; ಹೃದಯದ ಮಾಂಸಖಂಡ ಸಾಯಲು ಕೆಲವು ಗಂಟೆಗಳೇ ಸಾಕು. ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಚುಚ್ಚುಮದ್ದು ಉಂಟು. ಆದರೆ ನೋವು ಹೃದಯದ್ದೇ ಎಂಬುದು ಬೇಗ ಗೊತ್ತಾಗಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಹೃದಯತಜ್ಞರು ಸಾಮಾನ್ಯವಾಗಿ ಇರುವುದಿಲ್ಲ.

ಈ ಕೊರತೆ ನೀಗಲೆಂದು ರಾಜ್ಯ ಸರ್ಕಾರ 2023ರ ನವೆಂಬರಿನಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ. ರೇಖೆಯನ್ನು ಕೃತಕ ಬುದ್ಧಿಮತ್ತೆಯ ಯಂತ್ರ ಕೆಲವೇ ನಿಮಿಷಗಳಲ್ಲಿ ಓದುತ್ತದೆ. ಜಯದೇವ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆ ದೊರೆಯುತ್ತದೆ. ಬೇಕಾದವರಿಗೆ ಚುಚ್ಚುಮದ್ದನ್ನು ಉಚಿತವಾಗಿ ಕೊಡಲಾಗುತ್ತದೆ. ಯಂತ್ರಕ್ಕೆ ಈ ವಿದ್ಯೆ ಹೇಗೆ ಬಂತು? ವೈದ್ಯರು ಗುರುತಿಸಿಟ್ಟ ಲಕ್ಷಾಂತರ ಹಳೆಯ ರೇಖೆಗಳನ್ನು ತೋರಿಸಿ ಅದನ್ನು ಪಳಗಿಸಲಾಗಿದೆ. ಸಾವಿರಾರು ಎಲೆ ನೋಡಿದ ಹಿರಿಯ ರೈತ ರೋಗ ಗುರುತಿಸುವಂತೆಯೇ ಇದು.

ಆದರೆ ಯಂತ್ರ ನೋಡುವುದು ರೇಖೆಯನ್ನು, ಹೊಲವನ್ನಲ್ಲ. ಮಧ್ಯಾಹ್ನದವರೆಗೆ ಹತ್ತಿಗೆ ಪ್ರೊಫೆನೊಫಾಸ್ ಸಿಂಪಡಿಸಿದ ರೈತನಿಗೆ ಬೆವರು, ವಾಂತಿ, ಎದೆ ಬಿಗಿತ ಬಂತೆನ್ನಿ. ಅದು ಹೃದಯಾಘಾತವೂ ಇರಬಹುದು, ವಿಷಬಾಧೆಯೂ ಇರಬಹುದು. ಆ ಗುಂಪಿನ ವಿಷ ಹೃದಯದ ಬಡಿತವನ್ನೂ ಕೆಡಿಸುತ್ತದೆ, ರೇಖೆಯನ್ನೂ ಬದಲಿಸುತ್ತದೆ. ಅದರ ಚಿಕಿತ್ಸೆ ಅಟ್ರೋಪಿನ್. ಹೆಪ್ಪು ಕರಗಿಸುವ ಮದ್ದಲ್ಲ. ಕಣ್ಣಿನ ಪಾಪೆ ಕಿರಿದಾಗಿದೆಯೇ, ಬಾಯಲ್ಲಿ ಜೊಲ್ಲು ಸುರಿಯುತ್ತಿದೆಯೇ ಎಂಬುದನ್ನು ವೈದ್ಯರೇ ನೋಡಬೇಕು. ಸಿಂಪಡಿಸಿದ ಸಂಗತಿಯನ್ನು ಮನೆಯವರೇ ಹೇಳಬೇಕು. ಕೆಲವರು ಪೊಲೀಸ್ ಕೇಸಾದೀತೆಂದು ಅದನ್ನು ಮುಚ್ಚಿಡುತ್ತಾರೆ. ಇದು ರೋಗಿಯ ಪ್ರಾಣಕ್ಕೇ ಎರವು.

ಹಾಗೆಯೇ ಹಿಂದೆ ಲಕ್ವ ಹೊಡೆದಿತ್ತೇ, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆಗಿದೆಯೇ, ಮಲದಲ್ಲಿ ರಕ್ತ ಬೀಳುತ್ತಿದೆಯೇ ಎಂಬುದನ್ನೂ ತಿಳಿಸಬೇಕು. ಅಂಥವರಿಗೆ ಈ ಚುಚ್ಚುಮದ್ದಿನಿಂದ ಅಪಾಯಕರ ರಕ್ತಸ್ರಾವವಾಗಬಹುದು. ಇನ್ನೊಂದು ಮಾತು: ಮೊದಲ ರೇಖೆ ಸರಿ ಇದೆಯೆಂದ ಮಾತ್ರಕ್ಕೆ ಹೃದಯಾಘಾತವಿಲ್ಲ ಎನ್ನಲಾಗದು. ನೋವು ನಿಲ್ಲದಿದ್ದರೆ ಮನೆಗೆ ಮರಳದೆ ಮತ್ತೆ ಇ.ಸಿ.ಜಿ. ತೆಗೆಸಬೇಕು.

ಗ್ಯಾಸ್ ಎಂದು ಸೋಡಾ ಕುಡಿದು ಸಂಜೆಯವರೆಗೆ ಕಾದವನಿಗೆ ಯಾವ ಯಂತ್ರವೂ ಕಳೆದ ಗಂಟೆಗಳನ್ನು ಮರಳಿ ತರಲಾರದು. ಸಮೀಪದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ ಎಂದು ಆಶಾ ಕಾರ್ಯಕರ್ತೆಯನ್ನು ಈಗಲೇ ಕೇಳಿಟ್ಟುಕೊಂಡು, ನೋವು ಬಂದೊಡನೆ 108ಕ್ಕೆ ಕರೆ ಮಾಡಬೇಕು. ಸಿಂಪರಣೆಯ ಬಳಿಕ ಹೀಗಾದರೆ, ವಾಹನ ಬರುವಷ್ಟರಲ್ಲಿ ಔಷಧ ತಾಗಿದ ಬಟ್ಟೆ ಕಳಚಿ ಮೈಯನ್ನು ಸೋಪಿನ ನೀರಿನಿಂದ ತೊಳೆಯಬೇಕು. ಬಾಟಲಿಯ ಮುಚ್ಚಳವನ್ನು ಭದ್ರಪಡಿಸಿ, ಲೇಬಲ್ ಹರಿಯದಂತೆ ಚೀಲದಲ್ಲಿಟ್ಟು ರೋಗಿಯ ಜೊತೆಗೇ ಒಯ್ಯಬೇಕು.